ಬಾಕಿ ಸುತ್ತು

ಆಟೋದವನಿಗೆ ‘ರೇಸ್ ಫೀಲ್ಡು’ ಅಂದರೆ ತಿಳಿಯಲಿಲ್ಲ.
‘ಲೈಸೆನ್ಸಿಗೆ ಎಂಟು ಹಾಕಿಸ್ತಾರಲ್ಲ, ಅಲ್ಲಿಗಾ?’ ಎಂದ.
ಅಲ್ಲಿಗೇ.
ನಮ್ಮ ಕಾಲದಲ್ಲಿ ಅಲ್ಲಿ ಸೊನ್ನೆ ಹಾಕುತ್ತಿದ್ದರು.

ಭದ್ರಾವತಿಯ ಅಂಚು. ಕುಲುಮೆಯ ಕಿಟ್ಟ ಸುರಿದು ತಟ್ಟಿದ ಬಯಲು.
ಅರ್ಧ ಹೂತ ಟೈರುಗಳ ಸಾಲು ಇನ್ನೂ ಇದೆ,
ಸುಣ್ಣ ಮಾತ್ರ ಎಲ್ಲೋ ಒಂದೊಂದರ ಒಳಮೈಗೆ.
ಒಂದರಲ್ಲಿ ನೀರು ನಿಂತು ಕಪ್ಪೆಮರಿ.
ತಿರುವಿನಲ್ಲಿ ನೆಲ ಒಳಕ್ಕೆ ವಾಲಿದ್ದು ಹಾಗೇ ಇದೆ,
ಮೂವತ್ತೆಂಟು ಮಳೆಗಾಲಕ್ಕೂ ಬಗ್ಗದೆ.
ಬಗ್ಗಿಯೇ ಇತ್ತಲ್ಲ, ಇನ್ನೇನು ಬಗ್ಗೀತು.

ಅಂಬಾಸಿಡರು, ಫಿಯೆಟ್ಟು, ಹರಾಜಿನಲ್ಲಿ ಹಿಡಿದ ಒಂದು ಸರ್ಕಾರಿ ಜೀಪು.
ಗಾಜು ಕಿತ್ತು, ಸೀಟು ಕಿತ್ತು, ಬಾಗಿಲಿಗೆ ವೆಲ್ಡಿಂಗ್ ಹೊಡೆದು
ಕಿಟಕಿಯಿಂದ ಇಳಿಯುತ್ತಿದ್ದರು, ಬಾವಿಗೆ ಇಳಿದ ಹಾಗೆ, ಕಾಲು ಮೊದಲು.
ವಾರವೆಲ್ಲ ಊರಿನವರ ಗಾಡಿ ರಿಪೇರಿ,
ಭಾನುವಾರ ತಮ್ಮದನ್ನು ತಾವೇ ಮುರಿಯುವುದು.

ಬಾಬಾಜಾನ್ ಮೇಸ್ತ್ರಿಯದು ಹನ್ನೊಂದನೇ ನಂಬರು.
ಸುಣ್ಣದಲ್ಲಿ ಎರಡು ಗೆರೆ ಎಳೆದವಳು ಹೆಂಡತಿ ಹಾಜಿರಾ.
‘ಗೆರೆ ಎಳೆಯೋಕೆ ಓದು ಯಾಕೆ?’
ಬಾವುಟಕ್ಕೆ ಇರುದಯರಾಜ್, ಫೌಂಡ್ರಿಯ ರಾತ್ರಿ ಪಾಳಿ ಮುಗಿಸಿ ನೇರ ಬಂದವರು,
ಕೋಲಿಗೆ ಕಟ್ಟಿದ ಹಳೇ ಚೌಕುಳಿ ಸೀರೆಯ ತುಂಡು.

ನನಗೆ ಒಂಬತ್ತು. ಕೆಲಸ ಇಷ್ಟೇ:
ಹನ್ನೊಂದು ಎದುರು ಹಾದಾಗೊಮ್ಮೆ
ಡಾಲ್ಡಾ ಡಬ್ಬಿಗೆ ಒಂದು ಹುಣಸೆ ಬೀಜ.
ಇಪ್ಪತ್ತು ಸುತ್ತು, ಇಪ್ಪತ್ತು ಬೀಜ. ಕೂಲಿ ಒಂದು ಗೋಲಿ ಸೋಡ.

ಅವತ್ತು ಧೂಳು. ಕೆಮ್ಮಣ್ಣಿನದಲ್ಲ, ಕರೀ ಧೂಳು,
ನಾಲಿಗೆಗೆ ಮೊಳೆ ಕಚ್ಚಿದ ರುಚಿ.
ಎಲ್ಲ ಗಾಡಿಗೂ ಒಂದೇ ಬಣ್ಣ, ಒಂದೇ ಸದ್ದು.
ಹದಿನಾಲ್ಕೋ ಹದಿನೈದೋ ಸುತ್ತು, ಫಿಯೆಟ್ಟೊಂದು ಟೈರು ಹತ್ತಿ
ಆಮೆಯ ಹಾಗೆ ಮಗುಚಿತು,
ಗಾಲಿ ಮಾತ್ರ ಇನ್ನೂ ಓಡುತ್ತಿತ್ತು, ಆಕಾಶದಲ್ಲಿ.
ನಾನು ಆ ಗಾಲಿ ನೋಡಿದೆ.
ನಿಲ್ಲುವವರೆಗೂ ನೋಡಿದೆ.
ಬೀಜ ಅಂಗೈಯಲ್ಲೇ ಬೆವೆತಿತ್ತು.

ಡಬ್ಬಿ ಬೋರಲು ಹಾಕಿ ಎಣಿಸಿದರು: ಹತ್ತೊಂಬತ್ತು.
ಸೀಲಿಂಗ್ ಫ್ಯಾನು ಜೀಪಿನವನ ಪಾಲಾಯಿತು.
ಬಾಬಾಜಾನ್ ಜಗಳಕ್ಕೆ ನಿಲ್ಲಲಿಲ್ಲ.
‘ಹುಡುಗ ಎಣಿಸಿದಾನೆ’ ಅಂದ,
‘ಹುಡುಗರು ಸುಳ್ಳು ಹೇಳಲ್ಲ.’
ಸೋಡ ಕೊಡಿಸಿದ.
ಕುಡಿದೆ.

ಮುಂದಿನ ವರ್ಷ ರೇಸೇ ನಿಂತುಹೋಯಿತು.
ಅವರ ಮನೆ ಮುಂದೆ ಹಾದಾಗೆಲ್ಲ, ಬೇಸಿಗೆಯಲ್ಲಿ,
ಜಗಲಿಯ ಮೇಲೆ ಹಾಜಿರಾ, ಕೈಯಲ್ಲಿ ರಟ್ಟಿನ ಚೂರು,
ಬೀಸಿ ಬೀಸಿ ಮಗುವನ್ನು ಮಲಗಿಸುತ್ತಿದ್ದಳು.
ನಾನು ಆಚೆ ಬೀದಿ ಹಿಡಿಯಲು ಕಲಿತೆ.

ಇವತ್ತು ಎಡಕ್ಕೆ ತಿರುಗುತ್ತ ನಡೆದೆ,
ಅವರು ತಿರುಗುತ್ತಿದ್ದ ದಿಕ್ಕಿಗೇ. ಒಂದು ಸುತ್ತು, ಅಷ್ಟೇ ಬಾಕಿ.
ಚಪ್ಪಲಿಯಡಿ ಕಿಟ್ಟ ಕರಕರ.
ಎದುರಿಗೆ ಡ್ರೈವಿಂಗ್ ಸ್ಕೂಲಿನ ಮಾರುತಿ,
ಸ್ಟೇರಿಂಗಿಗೆ ಜೋತುಬಿದ್ದ ಹುಡುಗಿ, ನಾಲಿಗೆ ಹಲ್ಲಿನ ನಡುವೆ.
ಗಕ್ಕನೆ ನಿಂತಳು. ಇಂಜಿನ್ ಆಫಾಯಿತು.
‘ಅಂಕಲ್, ಯಾವ ಕಡೆ ಹೋಗ್ತೀರ ಮೊದಲು ಹೇಳಿ!’
‘ಸುತ್ತ’ ಅಂದೆ.

ಅವಳು ಕೀ ತಿರುಗಿಸಿದಳು. ಹಿಡಿಯಲಿಲ್ಲ. ಇನ್ನೊಮ್ಮೆ.
ನಾನು ಟೈರಿನ ಬದಿಗೆ ಸರಿದು ನಿಂತೆ.
ಅರ್ಧ ಸುತ್ತು ಇನ್ನೂ ಇತ್ತು.