ಕೆಂಪು ಚೀಟಿ

ಮಂಗಳವಾರ ಇಟ್ಟ ಕಸದ ಚೀಲ
ಸಂಜೆ ನನಗಿಂತ ಮೊದಲೇ
ಬಾಗಿಲಿಗೆ ಬಂದು ಕೂತಿದೆ.
ಹೆಸರು ಬರೆದಿರಲಿಲ್ಲ;
ಈ ಓಣಿಯಲ್ಲಿ ನಾನು ಬರೆಯಬೇಕಾಗಿಯೂ ಇಲ್ಲ.
ಮೇಲೊಂದು ಕೆಂಪು ಚೀಟಿ. ಓದಲು ಬಾರದು,
ಬೈಗುಳವೆಂದಷ್ಟೇ ತಿಳಿಯುತ್ತದೆ.
ಎದುರು ಮನೆಯ ಪರದೆ ತುಸು ಅಲುಗಿತು.

ಮರುದಿನ ನಾಲ್ಕನೇ ತರಗತಿ.
ಹೌ ಆರ್ ಯೂ ಅಂದರೆ
ಮೂವತ್ತೊಂದು ಮಕ್ಕಳೂ ಮಗ್ಗಿ ಒಪ್ಪಿಸಿದ ಹಾಗೆ
ಐ ಆಮ್ ಫೈನ್,
ಮೂಗು ಸೋರುವ ನಗುಮೋ ಕೂಡ.

ಊಟದ ಹೊತ್ತಿಗೆ ಚೀಟಿ ತೆಗೆದೆ.
ಹಾಲಿನ ಮೀಸೆಯ ಕೊಹಾರು ಓದಿದಳು, ನಗಲಿಲ್ಲ.
ಕಡ್ಡಿ ಗೀರಿದಂತೆ ಮಾಡಿ
ಎರಡೂ ತೋಳು ಅಡ್ಡಡ್ಡ ಹಿಡಿದಳು:
ಮೊಯೆನಾಯ್. ಸುಡುವ ಕಸವಲ್ಲ.
ಮೋಯಿನೈ, ಅಂದೆ.
ಊಹೂಂ. ತನ್ನ ತುಟಿಗೆ ಬೆರಳಿಟ್ಟು ತೋರಿಸಿದಳು.
ಮೂರು ಸಲ. ನಾಲ್ಕನೆಯದು ಸರಿಹೋದಾಗ
ನಾನು ದಿನವೂ ಮಾಡುವ ಅದೇ ಕೈಸನ್ನೆಯಲ್ಲಿ
ನನ್ನನ್ನು ಕೂರಿಸಿದಳು.

ಈಗ ರಾತ್ರಿ ಹತ್ತು. ಚೀಲವನ್ನು ನೆಲಕ್ಕೆ ಸುರಿದುಕೊಂಡು
ಸುಡುವುದು ಇತ್ತ, ಸುಡದ್ದು ಅತ್ತ.
ಗಾಲ್ವೇಯಿಂದ ಅಕ್ಕ ಕಳಿಸಿದ ಲಕೋಟೆ ಮಾತ್ರ ಕೈಯಲ್ಲೇ ಇದೆ:
ಹೊರಗೆ ಕಾಗದ,
ಒಳಗೆ ಗಾಳಿಗುಳ್ಳೆಯ ಪ್ಲಾಸ್ಟಿಕ್ಕು,
ಎರಡಕ್ಕೂ ಬಿಡದ ಅಂಟು.
ನಾಳೆ ಕೊಹಾರುವನ್ನೇ ಕೇಳಬೇಕು.