ಕಾಲರ್ ಟ್ಯೂನ್

ನಾನು ಕೇಳಿರಲಿಲ್ಲ, ಅವರೇ ಹಾಕಿದರು.
ತಿಂಗಳಿಗೆ ಮೂವತ್ತೊಂಬತ್ತು ರೂಪಾಯಿ.
ಈಗ ದೊಡ್ಡಾಸ್ಪತ್ರೆಯ ಶವಾಗಾರದ ಬಾಗಿಲಿಂದ
ಯಾರು ನನ್ನ ಗಾಡಿ ಕರೆದರೂ
ಮೊದಲು ಅವರ ಕಿವಿಗೆ ಗಟ್ಟಿಮೇಳ.

ನಿಮ್ಮ ಕರೆ ನಮಗೆ ಅಮೂಲ್ಯ.
ನಾಲ್ಕು ಒತ್ತಿದೆ. ಒಂಬತ್ತು. ಮತ್ತೆ ನಾಲ್ಕು.
ಇರ್ವಿನ್ ರಸ್ತೆಯ ಸಿಗ್ನಲ್ಲು ಮೂರು ಸಲ ಹಸಿರಾಯಿತು.
ಕೊನೆಗೊಂದು ಹುಡುಗಿ:
"ಚೆಲುವರಾಜ್ ಸರ್, ಬೇರೆ ಹಾಡು ಬೇಕೇ? ಹೊಸವು ಬಂದಿವೆ."
ಬೇಡ ಕಣವ್ವ, ಬರೀ ಟ್ರಿಣ್ ಟ್ರಿಣ್ ಸಾಕು.
"ಆ ಆಯ್ಕೆ ಇಲ್ಲ ಸರ್."

ನಿನ್ನೆ ರಾತ್ರಿ ಎರಡೂವರೆಗೆ
ಕ್ಯಾತಮಾರನಹಳ್ಳಿಯಿಂದ ಒಬ್ಬಳು ಮುದುಕಿ.
ಹಲೋ ಅಂದೆ. ಸುಮ್ಮನಿದ್ದಳು.
ಆಮೇಲೆ ಮೆಲ್ಲಗೆ,
"ಇನ್ನೊಸಿ ತಡೆದು ಎತ್ತಬಾರದಾ ಮಗ,
ವಾಲಗ ಕೇಳ್ತಿದ್ದೆ.
ನಮ್ ಮದ್ವೇಲೂ ಇದ್ನೇಯ ಊದಿದ್ದು."

ಬಾಡಿಗೆ ಈಸಿಕೊಳ್ಳಲು ಕೈ ಬರಲಿಲ್ಲ.
ಬೆಳಿಗ್ಗೆ ನೋಡಿದರೆ
ಮತ್ತೆ ಮೂವತ್ತೊಂಬತ್ತು ಕಟ್ಟಾಗಿದೆ.