ಪೆಟ್ಟಿಗಿ ಮ್ಯಾಲಿನ ಹಣ್ಣು

ನೋಟೀಸು ಬಂದ ದಿನ ದಸ್ತಗೀರ ಮಾಮಾ
ಅಂಗಡಿ ಶಟರು ಅರ್ಧಕ್ಕ ಎಳದ.
ಇಂಗ್ಲೀಷು ನಾಲ್ಕು ಪುಟ, ತಿಳದದ್ದು ಒಂದ ಅಂಕಿ:
ಇಪ್ಪತ್ತೆರಡು ಸಾವಿರ.
ಹೋದ ವರ್ಷ ನಾ ಪೆಟ್ಟಿಗಿ ಮ್ಯಾಲ ಕೂಡಿಸಿದ ದಾಳಿಂಬಿ,
ಬಾಯಿ ಬಿಟ್ಟು ನಗೋ ಹಣ್ಣು,
ಮುಂಬಯಿಯ ಯಾವನೋ ಒಬ್ಬಂದಂತ.

'ಹಣ್ಣು ಸಂಖದ್ದು, ರಟ್ಟು ಸಾಂಗಲೀದು,
ಚಿತ್ರ ಅಷ್ಟ ಅವಂದ ಹೆಂಗಾತೋ?'
ನಂಗೂ ಆವತ್ತು ಗೊತ್ತಿರಲಿಲ್ಲ.
ಕಂಡದ್ದು ಇಳಿಸೋದು, ವಾಟರ್‌ಮಾರ್ಕ್ ಅಳಸೋದು,
ಕಲಿಸಿದವರು ಅದನ್ನ ಕೆಲಸ ಅಂತ ಕಲಿಸಿದ್ದರು.

ಕಂತು ಮಾಡಿ ಕಟ್ಟಿದಿವಿ.
ಆಮ್ಯಾಲ ನಾ ಕುಂತೆ, ಕರೆಂಟು ಇದ್ದಷ್ಟು ಹೊತ್ತು,
ತಕರಾರಿಲ್ಲದ ಒಂದು ಹಣ್ಣು ಹುಡುಕಲಿಕ್ಕೆ.

ಕನ್ನಡದಾಗ ದಾಳಿಂಬಿ ಅಂದರ ಹನ್ನೊಂದು ಚಿತ್ರ,
ಅದರಾಗ ಮೂರು ಟೊಮೇಟೊ.
ಮರಾಠಿಯೊಳಗ ಡಾಳಿಂಬ ಅಂದರ ಒಂದು ತ್ವಾಟ.
ಇಂಗ್ಲೀಷಿನಾಗ ಲಕ್ಷ.
ತಲಬಾಗಲದಾಗ ನಿಂತು ಒಂದೊಂದೂ ಮಾತಾಡತಿದ್ದವು:
ಒಯ್ಯಿ, ನನ್ನ ಹೆಸರು ಹೇಳು.
ಒಯ್ಯಿ, ಮಾರಬ್ಯಾಡ.
ಒಯ್ಯಿ, ಕತ್ತರಿ ಆಡಸಬ್ಯಾಡ.
ಒಯ್ಯಿ, ನೀ ಮಾಡಿದ್ದನ್ನೂ ಹಿಂಗ ಮಂದಿಗೆ ಬಿಡು.
ಇರಾಣದ್ದೊಂದು ಏನೂ ಕೇಳಲಿಲ್ಲ,
'ಹಕ್ಕೆಲ್ಲಾ ಬಿಟ್ಟೀನಿ' ಅಂತ ಕೆಳಗ ಬರದಿತ್ತು,
ಬ್ಯಾಸಗಿ ದಾರ್‍ಯಾಗ ಅರವಟಗಿ ಇಟ್ಟಂಗ.
ಆದರ ಸುಟ್ಟ ನಾಲಗಿ ನಂದು:
ಬಿಟ್ಟದ್ದು ಅವನ ಹಕ್ಕೋ,
ನನ್ನಂಗ ಕದ್ದು ತಂದು ದಾನ ಮಾಡಿದನೋ?

ಮತ್ತೊಂದು, ಸತ್ತು ಮುನ್ನೂರು ವರ್ಷಾದ ಚಿತ್ರಗಾರಂದು.
ಬೆಳ್ಳಿ ತಾಟು, ಹಿಂದ ಕತ್ತಲಿ, ನೋಟೀಸಿನ ಅಂಜಿಕಿ ಇಲ್ಲ.
ಆದರ ಹಣ್ಣು ಸಣ್ಣದು, ನಮ್ಮ ಭಗವಾ ತಳಿ ಅಲ್ಲ.
ಗಿರಾಕಿ ನಗತಾನ.

ಹಿಂಗಿರಬೇಕಾದರ ಶೇವಂತಾ ಬಿರಾಜದಾರ ಬಂದಳು,
ಪೆಟ್ಟಿಗಿ ಯಾವಾಗ ಕೊಡತಿ ಅಂತ ಜಗಳಕ್ಕ.
ಉಡಿಯೊಳಗ ಎರಡು ಹಣ್ಣು.
ಸಂಗತಿ ಕೇಳಿ, 'ಇದನ್ನ ತಗೀ' ಅಂದಳು,
'ಇದು ಯಾರಪ್ಪಂದೂ ಅಲ್ಲ, ನಂದು.'
ಬಾಗಲ ಬೆಳಕಿಗೆ ಅಂಗೈಯಾಗ ಹಿಡದಳು.
ಮೊಬೈಲಿನಾಗ ಏಳು ಹೊಡದೆ. ಐದನೇದು ಕುಂತಿತು:
ಉಗುರಿನಾಗ ಮಣ್ಣು, ಹೆಬ್ಬಟ್ಟಿಗೆ ಹಳೇ ಮುಳ್ಳಿನ ಗೀರು.

'ಕೈ ನಿಂದು. ಹಾಕಲ್ಯಾ?'
'ತೊಳಕೊಂಡು ಬರಲ್ಯಾ?' ಅಂದಳು.
ಬ್ಯಾಡ ಅಂದೆ.
'ಹಾಕು ಹಂಗಾರ. ಯಾರ ಬೇಕಾದರೂ ಹಾಕ್ಕೊಳ್ಳಿ.
ತಮ್ಮಾಣಿ ದಲಾಲನ ಪೆಟ್ಟಿಗಿಗೆ ಮಾತ್ರ ಬ್ಯಾಡ,
ತೂಕದಾಗ ಹೊಡೀತಾನ.'
ಪಾವತಿ ಬುಕ್ಕಿನ ಹಿಂದ ಶರತ್ತು ಬರಕೊಂಡೆ.
ಮಾತು ಕನ್ನಡ, ಸಹಿ ಮರಾಠಿ.

ಮೊನ್ನೆ ಗಡಿ ದಾಟಿ ಚಡಚಣದ ಸಂತಿಗೆ ಹೋದರ
ಯಾರದೋ ಪೆಟ್ಟಿಗಿ ಮ್ಯಾಲ ಅದ ಕೈ, ಅದ ಗೀರು.
ಕೆಳಗಿನ ಹೆಸರಿನ ಜಾಗಾದಾಗ ಒಂದು ಹಸರು ಎಲಿ ಅಂಟಿಸ್ಯಾರ.
ಮಾಮಾ ಖುಷಿಯಾಗಿ ಕುಣದ: 'ಬರೀ ನೋಟೀಸು!
ಇಪ್ಪತ್ತೆರಡು ಸಾವಿರ!'

ಶೇವಂತಾಗ ಹೇಳಿದೆ.
ಗಿಡದ ಬುಡಕ್ಕ ನೀರು ತಿರುವತಿದ್ದಳು, ತಿರುಗಿ ನೋಡಲಿಲ್ಲ.
'ಪೆಟ್ಟಿಗಿ ಎತ್ತಿ ನೋಡಿದ್ಯೇನು?' ಅಂದಳು,
'ತೂಕ ಬರೋಬ್ಬರಿ ಇತ್ತೇನು?'